ಮನೆಯ ಇಂಟರ್‌ನೆಟ್ ಕಿಸೆ ಸೇರಿದ ಕತೆ

‘ನಿಮ್ಮ ಮನೆಯಲ್ಲಿ ಇಂಟರ್‌ನೆಟ್ ಇದೆಯೇ?’ ಎಂದು ಯಾರನ್ನಾದರೂ ಕೇಳಿ ನೋಡಿ. ಗೋಡೆಯತ್ತ ಕೈ ತೋರಿಸುವವರು ಕಡಿಮೆ. ಹೆಚ್ಚಿನವರು ಕಿಸೆಗೆ ಕೈ ಹಾಕುತ್ತಾರೆ. ಮಗಳು ಲ್ಯಾಪ್‌ಟಾಪಿನಲ್ಲಿ ಪಾಠ ಕೇಳಬೇಕೆ? ಅಪ್ಪನ ಮೊಬೈಲಿನ ಹಾಟ್‌ಸ್ಪಾಟ್ ಆನ್ ಆಗುತ್ತದೆ. ಟೀವಿಯಲ್ಲಿ ಸಿನಿಮಾ ನೋಡಬೇಕೆ? ಅದೇ ಹಾಟ್‌ಸ್ಪಾಟ್. ಕಚೇರಿಗೆ ಕಡತ ಕಳಿಸಬೇಕೆ? ಮತ್ತೆ ಅದೇ. ಕಂಬದಿಂದ ತಂತಿ ಎಳೆಸುವ ಗೋಜಿಲ್ಲ, ಲೈನ್‌ಮನ್‌ಗಾಗಿ ಕಾಯುವ ಕೆಲಸವಿಲ್ಲ, ಎರಡೆರಡು ಬಿಲ್ಲು ಕಟ್ಟುವ ತಾಪತ್ರಯವೂ ಇಲ್ಲ.

ಟೆಲಿಫೋನಿಗೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾಯುತ್ತಿದ್ದ ದೇಶ ಇದು. ಇಲ್ಲಿ ಇಂಥ ಅನುಕೂಲ ರಾತ್ರೋರಾತ್ರಿ ಹುಟ್ಟಿದ್ದಲ್ಲ. ಹಾಗೆಯೇ, ಮನೆಗೆ ಸೇರಿದ್ದ ಸಂಪರ್ಕವೊಂದು ಮನೆಯ ಒಬ್ಬ ವ್ಯಕ್ತಿಯ ಸೊತ್ತಾದಾಗ ಮನೆಯೊಳಗೆ ಏನೇನು ಬದಲಾಗುತ್ತದೆ ಎಂಬ ಪ್ರಶ್ನೆಯೂ ಸಣ್ಣದಲ್ಲ. ಇವೆರಡನ್ನೂ ತಿಳಿಯಲು ಮೂರು ದಶಕ ಹಿಂದಕ್ಕೆ ಹೋಗಬೇಕು.

ತಂತಿಯ ಕಾಲ

1994ರ ರಾಷ್ಟ್ರೀಯ ದೂರಸಂಪರ್ಕ ನೀತಿಯೇ ಹೇಳಿಕೊಂಡಂತೆ ಆಗ ದೇಶದಲ್ಲಿ ನೂರು ಜನರಿಗೆ ಸುಮಾರು 0.8 ಟೆಲಿಫೋನ್ ಇತ್ತು. ಅಂದರೆ ನೂರು ಮಂದಿಗೆ ಒಂದು ಫೋನೂ ಇರಲಿಲ್ಲ. ಮನೆಯಲ್ಲಿ ಫೋನ್ ಇರುವುದೆಂದರೆ ಅಂತಸ್ತಿನ ಗುರುತು. ಅದರ ಮೇಲೆ ಕಸೂತಿ ಹಾಕಿದ ಬಟ್ಟೆ ಹೊದಿಸಿ, ನಡುಮನೆಯಲ್ಲಿ ಎಲ್ಲರಿಗೂ ಕಾಣುವಂತೆ ಇಡುತ್ತಿದ್ದರು. ಅಕ್ಕಪಕ್ಕದವರ ಕರೆಗಳೂ ಅದಕ್ಕೇ ಬರುತ್ತಿದ್ದವು. ‘ನಿಮಗೆ ಫೋನ್ ಬಂದಿದೆ’ ಎಂದು ಬೀದಿಯಲ್ಲಿ ಕೂಗಿ ಕರೆಯುವುದು ಆ ಮನೆಯ ಮಕ್ಕಳ ಕೆಲಸ. ಫೋನಿಲ್ಲದವರಿಗೆ ಹಳದಿ ಬೋರ್ಡಿನ ಎಸ್‌ಟಿಡಿ ಬೂತ್ ಇತ್ತು.

ಈ ತಂತಿಯ ಕತೆಯಲ್ಲಿ ಕರ್ನಾಟಕಕ್ಕೆ ವಿಶೇಷ ಸ್ಥಾನವಿದೆ. 1948ರಲ್ಲಿ ಸ್ಥಾಪನೆಯಾದ ಐಟಿಐ ಕಾರ್ಖಾನೆ ಬೆಂಗಳೂರಿನಲ್ಲಿ ಟೆಲಿಫೋನ್ ತಯಾರಿಸಿತು. ಅದರಿಂದ ಬೆಳೆದ ಬಡಾವಣೆಗೆ ದೂರವಾಣಿನಗರ ಎಂಬ ಹೆಸರೇ ನಿಂತಿತು. 1984ರಲ್ಲಿ ಹುಟ್ಟಿದ ಸಿ-ಡಾಟ್ ಸಂಸ್ಥೆ ಹಳ್ಳಿಗಳಿಗೆಂದೇ ಒಂದು ಪುಟ್ಟ ವಿನಿಮಯ ಕೇಂದ್ರವನ್ನು ರೂಪಿಸಿತು. ಹವಾನಿಯಂತ್ರಣವಿಲ್ಲದ ಕೋಣೆಯಲ್ಲೂ, ಬಿಸಿಲು ದೂಳಿನಲ್ಲೂ ಕೆಲಸ ಮಾಡುವ ಯಂತ್ರ ಅದು. 128 ಸಂಪರ್ಕಗಳ ಅಂಥ ಮೊದಲ ಕೇಂದ್ರ 1986ರಲ್ಲಿ ಕಾರ್ಯಾರಂಭ ಮಾಡಿದ್ದು ಕಿತ್ತೂರಿನಲ್ಲಿ. ಚೆನ್ನಮ್ಮನ ಊರು ದೇಶದ ಗ್ರಾಮೀಣ ದೂರವಾಣಿಯ ಚರಿತ್ರೆಯಲ್ಲೂ ಒಂದು ಪುಟ ಪಡೆದದ್ದು ಹೀಗೆ.

ಹದಿನೈದು ದಿನಗಳಲ್ಲಿ ಎರಡು ಹುಟ್ಟು

1995ರ ಮಳೆಗಾಲದಲ್ಲಿ ಹದಿನೈದೇ ದಿನಗಳ ಅಂತರದಲ್ಲಿ ಎರಡು ಘಟನೆ ನಡೆದವು. ಜುಲೈ 31ರಂದು ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಅವರು ಕಲ್ಕತ್ತೆಯಿಂದ ದೆಹಲಿಯಲ್ಲಿದ್ದ ಕೇಂದ್ರ ಸಂಪರ್ಕ ಸಚಿವ ಸುಖ್‌ರಾಂ ಅವರೊಡನೆ ಮಾತನಾಡಿದರು. ದೇಶದ ಮೊದಲ ಮೊಬೈಲ್ ಕರೆ ಎಂದು ದಾಖಲಾದದ್ದು ಅದು. ಆಗಸ್ಟ್ 15ರಂದು ವಿದೇಶ್ ಸಂಚಾರ್ ನಿಗಮವು ಸಾರ್ವಜನಿಕರಿಗೆ ಇಂಟರ್‌ನೆಟ್ ಸೇವೆ ಆರಂಭಿಸಿತು. ಅದಕ್ಕೂ ಮೊದಲು ಇಂಟರ್‌ನೆಟ್ ಎಂಬುದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಐಐಟಿಗಳಂಥ ಕೆಲವೇ ವಿದ್ಯಾಸಂಸ್ಥೆಗಳ ಒಳಗಿನ ಸಂಗತಿಯಾಗಿತ್ತು.

ಈ ಎರಡೂ ಮುಂದೊಂದು ದಿನ ಒಂದೇ ಯಂತ್ರದಲ್ಲಿ ಕೂಡಿಕೊಳ್ಳುತ್ತವೆ ಎಂದು ಆಗ ಭಾವಿಸಲು ಕಾರಣವೇ ಇರಲಿಲ್ಲ. ಮೊಬೈಲ್ ಮಾತಿಗೆ, ಇಂಟರ್‌ನೆಟ್ ಕಂಪ್ಯೂಟರಿಗೆ. ಮೊಬೈಲಿನಲ್ಲಿ ಕರೆ ಮಾಡಿದರೂ ದುಡ್ಡು, ಬಂದ ಕರೆ ತೆಗೆದರೂ ದುಡ್ಡು. ಒಳಬರುವ ಕರೆ ಉಚಿತವಾದದ್ದು 2003ರ ಮೇ ತಿಂಗಳಲ್ಲಿ. ಇಂಟರ್‌ನೆಟ್ ಅಂತೂ ಟೆಲಿಫೋನ್ ತಂತಿಯನ್ನೇ ನೆಚ್ಚಿಕೊಂಡಿತ್ತು. ಮೋಡೆಮ್ ಎಂಬ ಪೆಟ್ಟಿಗೆ ಕಿರುಗುಟ್ಟಿ, ಕೀಚಲಿಟ್ಟು ಕೊನೆಗೊಮ್ಮೆ ಸಂಪರ್ಕ ಸಿಗುತ್ತಿತ್ತು. ಅಷ್ಟರಲ್ಲಿ ಮನೆಯ ಯಾರಾದರೂ ರಿಸೀವರ್ ಎತ್ತಿದರೆ ಎಲ್ಲವೂ ಮೊದಲಿನಿಂದ.

ಆ ದಿನಗಳ ದರವನ್ನು ಲೆಕ್ಕ ಹಾಕಿ ನೋಡುವುದು ಸ್ವಾರಸ್ಯಕರ. ಸೆಕೆಂಡಿಗೆ 9.6 ಕಿಲೋಬಿಟ್ ವೇಗದಲ್ಲಿ 250 ಗಂಟೆ ಬಳಸಲು ವ್ಯಕ್ತಿಯೊಬ್ಬನಿಗೆ 5,000 ರೂಪಾಯಿ. ಸಂಸ್ಥೆಗಳಿಗೆ 15,000. ಟೆಲಿಫೋನ್ ಕರೆಯ ಖರ್ಚು ಬೇರೆ. ಆ ವೇಗದಲ್ಲಿ ಒಂದು ಗಂಟೆಗೆ ಬರುವ ಮಾಹಿತಿ ಹೆಚ್ಚೆಂದರೆ 4.3 ಮೆಗಾಬೈಟ್. 250 ಗಂಟೆಯೂ ಒಂದು ಕ್ಷಣ ಬಿಡದೆ, ಪೂರ್ಣ ವೇಗದಲ್ಲಿ ಬಳಸಿದರೂ ಒಟ್ಟು ಸಿಗುವುದು ಸುಮಾರು 1 ಜಿಬಿ. ಇಂದು ಸಾಮಾನ್ಯ ರೀಚಾರ್ಜಿನಲ್ಲಿ ದಿನವೊಂದಕ್ಕೆ ಸಿಗುವ ಡೇಟಾ ಅದಕ್ಕಿಂತ ಹೆಚ್ಚು. ಅಂದಿನ ಇಡೀ ಖಾತೆಯನ್ನು ಇಂದು ಹುಡುಗನೊಬ್ಬ ಕ್ರಿಕೆಟ್ ಪಂದ್ಯ ನೋಡುತ್ತಾ ಸಂಜೆಯೊಳಗೆ ಮುಗಿಸಿಬಿಡುತ್ತಾನೆ.

ಇಷ್ಟು ದುಬಾರಿಯಾದದ್ದು ಮನೆಗೆ ಬರಲಾರದೆ ಬೀದಿಯಲ್ಲಿ ನಿಂತಿತು. ಸೈಬರ್ ಕೆಫೆಗಳು ಹುಟ್ಟಿದ್ದು ಹೀಗೆ. ಇಂದು ಕಾಫಿಯ ಹೆಸರಿಗೇ ಪ್ರಸಿದ್ಧವಾಗಿರುವ ಕೆಫೆ ಕಾಫಿ ಡೇ 1996ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಬಾಗಿಲು ತೆರೆದಾಗ ಅಲ್ಲಿ ಕಾಫಿಯ ಜೊತೆಗೆ ಇಂಟರ್‌ನೆಟ್ಟೂ ಸಿಗುತ್ತಿತ್ತು. 1998ರ ಕೊನೆಯಲ್ಲಿ ಖಾಸಗಿಯವರಿಗೂ ಈ ಸೇವೆಯ ಅವಕಾಶ ಸಿಕ್ಕ ಮೇಲೆ ದರ ಇಳಿಯಿತು. ಫಲಿತಾಂಶ ನೋಡಲು, ಉದ್ಯೋಗದ ಅರ್ಜಿ ತುಂಬಲು, ವಿದೇಶದಲ್ಲಿರುವ ಮಗನಿಗೆ ಈ-ಮೇಲ್ ಕಳಿಸಲು ತಾಲ್ಲೂಕು ಕೇಂದ್ರಗಳಲ್ಲೂ ಸೈಬರ್ ಅಂಗಡಿಗಳು ಎದ್ದವು.

ಮನೆಗೆ ಬಂದ ಬ್ರಾಡ್‌ಬ್ಯಾಂಡ್

2004ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಬ್ರಾಡ್‌ಬ್ಯಾಂಡ್ ನೀತಿ ಪ್ರಕಟಿಸಿತು. ಸದಾ ಚಾಲೂ ಇರುವ, ಸೆಕೆಂಡಿಗೆ ಕನಿಷ್ಠ 256 ಕಿಲೋಬಿಟ್ ವೇಗದ ಸಂಪರ್ಕವೇ ಬ್ರಾಡ್‌ಬ್ಯಾಂಡ್ ಎಂದು ಅದು ಹೇಳಿತು. ಮರುವರ್ಷ ಜನವರಿಯಲ್ಲಿ ಬಿಎಸ್‌ಎನ್‌ಎಲ್ ತನ್ನ ‘ಡೇಟಾಒನ್’ ಸೇವೆ ತಂದಿತು. ಅದೇ ಹಳೆಯ ತಾಮ್ರದ ತಂತಿ, ಆದರೆ ಈಗ ಇಂಟರ್‌ನೆಟ್ ನೋಡುತ್ತಿರುವಾಗಲೇ ಫೋನಿನಲ್ಲೂ ಮಾತನಾಡಬಹುದು. ಸಂಪರ್ಕ ಒಂದು ವಿಳಾಸಕ್ಕೆ ಸೇರಿತು. ಯಾರು ಹೊರಗೆ ಹೋದರೂ ಅದು ಮನೆಯಲ್ಲೇ ಇರುತ್ತಿತ್ತು.

ವಿಚಿತ್ರವೆಂದರೆ ತಂತಿ ಹೀಗೆ ಹೊಸ ಕೆಲಸ ಕಲಿಯುವ ಹೊತ್ತಿಗೆ ಅದರ ದಿನಗಳು ಮುಗಿಯುತ್ತಾ ಬಂದಿದ್ದವು. ಬ್ರಾಡ್‌ಬ್ಯಾಂಡ್ ನೀತಿ ಬಂದ ಅದೇ 2004ರ ಅಕ್ಟೋಬರ್‌ನಲ್ಲಿ ದೇಶದ ಮೊಬೈಲ್‌ಗಳ ಸಂಖ್ಯೆ ಸ್ಥಿರ ದೂರವಾಣಿಗಳ ಸಂಖ್ಯೆಯನ್ನು ದಾಟಿತು. ನೆಲ ಅಗೆದು ತಂತಿ ಹೂಳುವುದಕ್ಕಿಂತ ಗೋಪುರ ನಿಲ್ಲಿಸಿ ಸುತ್ತಲಿನ ಊರುಗಳನ್ನು ತಲುಪುವುದು ಸುಲಭವಾಗಿತ್ತು. ಪಶ್ಚಿಮದ ದೇಶಗಳಲ್ಲಿ ಮನೆಮನೆಗೆ ತಂತಿ ತಲುಪಿ, ಆಮೇಲೆ ಮೊಬೈಲ್ ಬಂತು. ನಮ್ಮಲ್ಲಿ ಬಹಳಷ್ಟು ಮನೆಗಳು ತಂತಿಯನ್ನು ಕಾಣದೆಯೇ ಮೊಬೈಲ್ ಕಂಡವು. ಹಾಟ್‌ಸ್ಪಾಟ್ ಇಲ್ಲಿ ಇಷ್ಟು ಬೇಗ ಮನೆಯ ವ್ಯವಸ್ಥೆಯಾದ ಗುಟ್ಟು ಇಲ್ಲೇ ಇದೆ. ಇರುವ ತಂತಿಯನ್ನು ಕಿತ್ತು ಹಾಟ್‌ಸ್ಪಾಟ್ ಹಿಡಿದವರಿಗಿಂತ, ತಂತಿಯೇ ಇಲ್ಲದ್ದರಿಂದ ಹಿಡಿದವರು ಹೆಚ್ಚು.

ಗಾಳಿಯ ಒಂದು ತುಂಡು

ಹಾಟ್‌ಸ್ಪಾಟ್ ಸಾಧ್ಯವಾಗಬೇಕಾದರೆ ಇನ್ನೊಂದು ಸೌಕರ್ಯ ಬೇಕಿತ್ತು. ಫೋನಿನಿಂದ ಕಂಪ್ಯೂಟರಿಗೆ ತಂತಿಯಿಲ್ಲದೆ ಮಾಹಿತಿ ದಾಟಬೇಕು. ಅದೇ ವೈಫೈ. ರೇಡಿಯೊ ತರಂಗ ಬಳಸಲು ಎಲ್ಲ ದೇಶಗಳಲ್ಲೂ ಪರವಾನಗಿ ಬೇಕು. 1985ರಲ್ಲಿ ಅಮೆರಿಕ ಕೆಲವು ತರಂಗಪಟ್ಟಿಗಳನ್ನು ಪರವಾನಗಿ ಇಲ್ಲದೆ ಯಾರು ಬೇಕಾದರೂ ಬಳಸಬಹುದೆಂದು ಬಿಟ್ಟುಕೊಟ್ಟಿತು. ಮೈಕ್ರೋವೇವ್ ಒಲೆಗಳು ಕೆಲಸ ಮಾಡುವ 2.4 ಗಿಗಾಹರ್ಟ್ಸ್ ಪಟ್ಟಿ ಅವುಗಳಲ್ಲಿ ಒಂದು. ಊರಿನ ಗೋಮಾಳದಂತೆ ಎಲ್ಲರಿಗೂ ಸೇರಿದ ಈ ತುಂಡಿನಲ್ಲೇ ವೈಫೈ ಬೆಳೆಯಿತು. 1997ರಲ್ಲಿ ಅದರ ಮೊದಲ ತಾಂತ್ರಿಕ ಮಾನದಂಡ ಸಿದ್ಧವಾಯಿತು. 1999ರಲ್ಲಿ ಹೆಚ್ಚು ವೇಗದ ಆವೃತ್ತಿಯೂ ವೈಫೈ ಎಂಬ ಹೆಸರೂ ಬಂದವು. ಭಾರತ 2.4 ಗಿಗಾಹರ್ಟ್ಸ್ ಪಟ್ಟಿಯನ್ನು ಪರವಾನಗಿಯಿಂದ ಮುಕ್ತಗೊಳಿಸಿದ್ದು 2005ರ ಜನವರಿಯಲ್ಲಿ.

ಫೋನನ್ನು ಕಂಪ್ಯೂಟರಿಗೆ ಜೋಡಿಸಿ ಇಂಟರ್‌ನೆಟ್ ಪಡೆಯುವ ಉಪಾಯ ಅದಕ್ಕೂ ಹಳೆಯದು. ಡೇಟಾ ಕೇಬಲ್ ಚುಚ್ಚಿ, ಇಲ್ಲವೇ ಬ್ಲೂಟೂತ್ ಮೂಲಕ ಫೋನನ್ನೇ ಮೋಡೆಮ್ ಮಾಡಿಕೊಂಡವರು ಇದ್ದರು. ಆಮೇಲೆ ಯುಎಸ್‌ಬಿ ಕಿಂಡಿಗೆ ಚುಚ್ಚುವ ಡಾಂಗಲ್‌ಗಳು ಬಂದವು. ಇವೆಲ್ಲ ಒಂದು ಫೋನಿಗೆ ಒಂದು ಕಂಪ್ಯೂಟರ್ ಎಂಬ ಲೆಕ್ಕ. ಫೋನೇ ಸುತ್ತಲಿನ ಹಲವು ಯಂತ್ರಗಳಿಗೆ ವೈಫೈ ಹಂಚುವ ಹೊಸ ದಾರಿಯನ್ನು 2008ರಲ್ಲಿ ಫಿನ್ಲೆಂಡಿನ ಜೋಯಿಕು ಎಂಬ ಕಂಪನಿ ನೋಕಿಯಾ ಫೋನ್‌ಗಳಿಗಾಗಿ ತಂದ ತಂತ್ರಾಂಶ ತೋರಿಸಿತು. 2010ರ ಮೇ ತಿಂಗಳಲ್ಲಿ ಗೂಗಲ್ ಪ್ರಕಟಿಸಿದ ಆಂಡ್ರಾಯ್ಡ್ 2.2 ಆವೃತ್ತಿಯಲ್ಲಿ ಹಾಟ್‌ಸ್ಪಾಟ್ ಫೋನಿನ ಒಳಗೇ ಅಡಕವಾಗಿ ಬಂತು. 2011ರಲ್ಲಿ ಐಫೋನಿಗೂ ಬಂತು.

ಬಾಡಿಗೆಯ ಜಗಳ

ಈ ಸೌಕರ್ಯ ಎಲ್ಲರಿಗೂ ಹಿಡಿಸಲಿಲ್ಲ. ದುಡ್ಡು ಕೊಟ್ಟು ಕೊಂಡ ಡೇಟಾವನ್ನು ಗ್ರಾಹಕ ಫೋನಿನಲ್ಲಿ ಬಳಸಬೇಕೋ, ಲ್ಯಾಪ್‌ಟಾಪಿನಲ್ಲಿ ಬಳಸಬೇಕೋ ಎಂದು ಹೇಳುವ ಅಧಿಕಾರ ಕಂಪನಿಗೆ ಇದೆಯೇ? ಅಮೆರಿಕದ ಮೊಬೈಲ್ ಕಂಪನಿಗಳು ಇದೆ ಎಂದವು. ಹಂಚಿಕೊಳ್ಳುವುದಕ್ಕೆ ತಿಂಗಳಿಗೆ ಪ್ರತ್ಯೇಕ ಶುಲ್ಕ ವಿಧಿಸಿದವು. ಅಂಗಡಿಯವನು ಅಕ್ಕಿ ಮಾರಿ, ‘ಇದನ್ನು ನೀವೊಬ್ಬರೇ ಉಣ್ಣಬೇಕು, ನೆಂಟರಿಗೆ ಬಡಿಸಿದರೆ ಬೇರೆ ದರ’ ಎಂದ ಹಾಗೆ. 2012ರಲ್ಲಿ ಈ ವಿವಾದ ಅಲ್ಲಿನ ಸಂಪರ್ಕ ಆಯೋಗದ ಮುಂದೆ ಬಂದು, ಹಾಟ್‌ಸ್ಪಾಟ್ ತಂತ್ರಾಂಶಗಳಿಗೆ ಅಡ್ಡಿ ಮಾಡಿದ ವಿಚಾರದಲ್ಲಿ ವೆರಿಝಾನ್ ಕಂಪನಿ 12.5 ಲಕ್ಷ ಡಾಲರ್ ಕಟ್ಟಿ ರಾಜಿ ಮಾಡಿಕೊಂಡಿತು. ನಮ್ಮಲ್ಲಿ ಅಂಥ ಪ್ರತ್ಯೇಕ ಬಾಡಿಗೆಯ ಪದ್ಧತಿ ಬೇರೂರಲಿಲ್ಲ. ಆದರೆ ಬಾಡಿಗೆ ಇಲ್ಲದಿದ್ದರೂ ಹಂಚಿಕೊಳ್ಳುವಷ್ಟು ಡೇಟಾ ಯಾರ ಬಳಿಯೂ ಇರಲಿಲ್ಲ.

2010ರ 3ಜಿ ಹರಾಜಿನಲ್ಲಿ ಕಂಪನಿಗಳು ಸರ್ಕಾರಕ್ಕೆ ಕೊಡಲು ಒಪ್ಪಿದ ಮೊತ್ತ 67,000 ಕೋಟಿ ರೂಪಾಯಿಗೂ ಮೇಲೆ. ಅಷ್ಟು ಸುರಿದವರು ಡೇಟಾವನ್ನು ಅಗ್ಗಕ್ಕೆ ಕೊಡುವಂತಿರಲಿಲ್ಲ. 2012ರ ಏಪ್ರಿಲ್‌ನಲ್ಲಿ ಕೋಲ್ಕತ್ತದಲ್ಲಿ, ಮರುತಿಂಗಳು ಬೆಂಗಳೂರಿನಲ್ಲಿ ಏರ್‌ಟೆಲ್ 4ಜಿ ಆರಂಭಿಸಿತು. ವೇಗ ಬಂತು, ದರ ಇಳಿಯಲಿಲ್ಲ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಲೆಕ್ಕದಂತೆ 2014ರಲ್ಲಿ ಒಂದು ಜಿಬಿ ಡೇಟಾಕ್ಕೆ ಗ್ರಾಹಕರು ಕೊಡುತ್ತಿದ್ದದ್ದು ಸರಾಸರಿ 269 ರೂಪಾಯಿ. 2016ರ ಸೆಪ್ಟೆಂಬರ್ 5ರಂದು ಜಿಯೊ ಮಾರುಕಟ್ಟೆಗೆ ಬಂದು ತಿಂಗಳುಗಟ್ಟಲೆ ಡೇಟಾವನ್ನು ಪುಕ್ಕಟೆ ಕೊಟ್ಟಿತು. ಉಳಿದವರು ದರ ಇಳಿಸದೆ ವಿಧಿಯಿರಲಿಲ್ಲ. ಹಲವು ಕಂಪನಿಗಳು ಈ ಪೈಪೋಟಿಯಲ್ಲಿ ಮುಚ್ಚಿದವು, ಕೆಲವು ಒಂದರಲ್ಲೊಂದು ಸೇರಿಹೋದವು. 2018ರ ಹೊತ್ತಿಗೆ ಒಂದು ಜಿಬಿಯ ಸರಾಸರಿ ಬೆಲೆ 12 ರೂಪಾಯಿಯ ಆಸುಪಾಸಿಗೆ ಇಳಿದಿತ್ತು. ಮನೆಯವರೆಲ್ಲ ಒಂದು ಫೋನಿನಿಂದ ಹಂಚಿಕೊಳ್ಳುವುದು ಲೆಕ್ಕಕ್ಕೆ ಕೂಡಿಬಂದದ್ದು ಆಗ.

ಬೀದಿ ನಲ್ಲಿ, ಮನೆ ನಲ್ಲಿ

ಹಾಟ್‌ಸ್ಪಾಟ್ ಹೇಗೆ ಕೆಲಸ ಮಾಡುತ್ತದೆ? ಇದನ್ನು ಬೀದಿ ನಲ್ಲಿಗೆ ಹೋಲಿಸಬಹುದು. ಮೊಬೈಲ್ ಗೋಪುರ ಬೀದಿಯ ನಲ್ಲಿ. ಫೋನು ಅಲ್ಲಿಂದ ನೀರು ಹಿಡಿದು ತರುವ ಕೊಡ. ಹಾಟ್‌ಸ್ಪಾಟ್ ಎಂದರೆ ಆ ಕೊಡದಿಂದ ಮನೆಯವರೆಲ್ಲರ ಲೋಟಕ್ಕೆ ಬಗ್ಗಿಸುವುದು. ಗೋಪುರದಿಂದ ಒಂದು ತರಂಗದಲ್ಲಿ ಮಾಹಿತಿ ಪಡೆದು, ವೈಫೈ ಎಂಬ ಇನ್ನೊಂದು ತರಂಗದಲ್ಲಿ ಹಂಚುವ ಎರಡು ಕೆಲಸವನ್ನೂ ಫೋನು ಒಟ್ಟಿಗೆ ಮಾಡುತ್ತದೆ. ಅದಕ್ಕೇ ಬಿಸಿಯಾಗುತ್ತದೆ, ಬ್ಯಾಟರಿ ಬೇಗ ಇಳಿಯುತ್ತದೆ. ಹೊರಗಿನ ಜಗತ್ತಿಗೆ ಮಾತ್ರ ಈ ಲ್ಯಾಪ್‌ಟಾಪ್, ಟೀವಿ, ಟ್ಯಾಬ್ಲೆಟ್ ಯಾವುದೂ ಬೇರೆಬೇರೆಯಾಗಿ ಕಾಣುವುದಿಲ್ಲ. ಎಲ್ಲವೂ ಆ ಒಂದು ಫೋನಿನ ವಿಳಾಸದ ಹಿಂದೆ ನಿಂತಿರುತ್ತವೆ.

ಬೀದಿ ನಲ್ಲಿಯ ಎಲ್ಲ ಗುಣಗಳೂ ಇದಕ್ಕಿವೆ. ಸಂಜೆ ಏಳರ ಹೊತ್ತಿಗೆ ಇಡೀ ಬಡಾವಣೆ ಅದೇ ಗೋಪುರಕ್ಕೆ ಮುಗಿಬಿದ್ದಾಗ ಧಾರೆ ಸಣ್ಣಗಾಗುತ್ತದೆ. ದಪ್ಪ ಗೋಡೆಯ ಹಳೆಯ ಮನೆಯಾದರೆ ಒಳಕೋಣೆಗೆ ತರಂಗವೇ ತಲುಪುವುದಿಲ್ಲ. ಫೋನನ್ನು ಕಿಟಕಿಯ ಬಳಿ ಇಟ್ಟರೆ ಅನುಕೂಲ ಎಂದು ಜನ ತಾವೇ ಕಂಡುಕೊಂಡಿದ್ದಾರೆ. ದಿನದ ಪಾಲು ಮುಗಿದರೆ ವೇಗ ಕುಸಿದು ಹೋಗುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ಲ್ಯಾಪ್‌ಟಾಪಿಗೆ ಯಾರೂ ಹೇಳಿಕೊಟ್ಟಿಲ್ಲ. ಅದು ಸದ್ದಿಲ್ಲದೆ ತನ್ನ ತಂತ್ರಾಂಶ ನವೀಕರಿಸಿಕೊಳ್ಳಲು ಕುಳಿತರೆ ಮನೆಯವರೆಲ್ಲರ ಪಾಲನ್ನೂ ಒಂದೇ ಗುಟುಕಿಗೆ ಕುಡಿದುಬಿಡುತ್ತದೆ. ಮನೆಗೆ ಬಂದ ಫೈಬರ್ ತಂತಿ ಹಾಗಲ್ಲ. ಅದು ಮನೆಯೊಳಗಿನ ನಲ್ಲಿ. ಅಲ್ಲೂ ನೀರು ನಿಲ್ಲುವುದುಂಟು, ಆದರೆ ನೆರೆಮನೆಯವರ ಕೊಡಕ್ಕೆ ನಮ್ಮ ಧಾರೆ ಅಷ್ಟಾಗಿ ಸಣ್ಣಗಾಗುವುದಿಲ್ಲ.

ಒಬ್ಬರೇ ಇರುವ ಬಾಡಿಗೆ ಕೋಣೆಗೆ, ಆಗಾಗ ಊರು ಬದಲಿಸುವವರಿಗೆ, ತಂತಿಯೇ ಬಾರದ ತೋಟದ ಮನೆಗೆ ಹಾಟ್‌ಸ್ಪಾಟ್ ವರವೇ ಸರಿ. ನಾಲ್ಕು ಮಂದಿ ಏಕಕಾಲಕ್ಕೆ ಕೆಲಸ, ಪಾಠ, ಟೀವಿ ಎಂದು ಕುಳಿತಾಗ ಅದರ ಮಿತಿ ಗೊತ್ತಾಗುತ್ತದೆ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ 5ಜಿ ಈ ಮಿತಿಯನ್ನು ನಗರಗಳಲ್ಲಿ ಬಹಳ ಮಟ್ಟಿಗೆ ಸಡಿಲಿಸಿದೆ. ನಲ್ಲಿ ದೊಡ್ಡದಾಗಿದೆ, ಆದರೂ ಅದು ಬೀದಿಯದೇ.

ಪರೀಕ್ಷೆಯ ವರ್ಷಗಳು

ಈ ವ್ಯವಸ್ಥೆಯ ನಿಜವಾದ ಪರೀಕ್ಷೆ ನಡೆದದ್ದು 2020ರಲ್ಲಿ. ಮಾರ್ಚ್ ಕೊನೆಯಲ್ಲಿ ದೇಶಕ್ಕೆ ಬೀಗ ಬಿದ್ದಾಗ ಕಚೇರಿಯೂ ಶಾಲೆಯೂ ಮನೆಗೇ ಬಂದವು. ಬೆಂಗಳೂರಿನಿಂದ ಮಲೆನಾಡು, ಕರಾವಳಿಯ ಊರುಗಳಿಗೆ ಮರಳಿದ ನೌಕರರು ಗುಡ್ಡದ ಮೇಲೆ, ಅಡಿಕೆ ತೋಟದ ಅಂಚಿನಲ್ಲಿ ಸಿಗ್ನಲ್ ಹುಡುಕಿದರು. 2021ರ ಜೂನ್‌ನಲ್ಲಿ ಸುಳ್ಯ ತಾಲ್ಲೂಕಿನ ಒಂದು ಚಿತ್ರ ದೇಶದ ಗಮನ ಸೆಳೆಯಿತು. ಸುರಿಯುವ ಮಳೆಯಲ್ಲಿ ರಸ್ತೆ ಬದಿ ಕುಳಿತು ಹುಡುಗಿಯೊಬ್ಬಳು ಆನ್‌ಲೈನ್ ಪಾಠ ಕೇಳುತ್ತಿದ್ದಾಳೆ, ಆಕೆಯ ತಂದೆ ಕೊಡೆ ಹಿಡಿದು ನಿಂತಿದ್ದಾರೆ. ಸಿಗ್ನಲ್ ಇರುವ ಕಡೆ ಮನೆ ಇರಲಿಲ್ಲ, ಮನೆ ಇರುವ ಕಡೆ ಸಿಗ್ನಲ್ ಇರಲಿಲ್ಲ. ರಾಜ್ಯ ಸರ್ಕಾರ ‘ವಿದ್ಯಾಗಮ’ದ ಹೆಸರಿನಲ್ಲಿ ಶಿಕ್ಷಕರನ್ನೇ ಮಕ್ಕಳಿದ್ದಲ್ಲಿಗೆ ಕಳಿಸಬೇಕಾಗಿ ಬಂದದ್ದಕ್ಕೆ ಇದೂ ಒಂದು ಕಾರಣ.

ಗೋಪುರವನ್ನು ಮಾತ್ರ ನೆಚ್ಚಿದರೆ ಏನಾಗುತ್ತದೆ ಎಂಬುದಕ್ಕೆ ಕಾಶ್ಮೀರದ ಅನುಭವವೂ ಇದೆ. 2019ರ ಆಗಸ್ಟ್‌ನಲ್ಲಿ ಅಲ್ಲಿ ಎಲ್ಲ ಸಂಪರ್ಕವೂ ನಿಂತಿತು. 2020ರಲ್ಲಿ ಮೊಬೈಲಿಗೆ ನಿಧಾನಗತಿಯ 2ಜಿ ಮಾತ್ರ ಮರಳಿತು. ಆ ವರ್ಷದ ಮಾರ್ಚ್ ನಂತರ ಸ್ಥಿರ ತಂತಿಯ ಸಂಪರ್ಕಕ್ಕೆ ಆ ವೇಗಮಿತಿ ಇರಲಿಲ್ಲ. 4ಜಿ ಮರಳಿದ್ದು 2021ರ ಫೆಬ್ರುವರಿಯಲ್ಲಿ. ಅಷ್ಟೂ ತಿಂಗಳು ತಂತಿ ಇದ್ದ ಮನೆಯ ಮಗುವಿಗೂ ಇಲ್ಲದ ಮನೆಯ ಮಗುವಿಗೂ ಸಿಕ್ಕ ಪಾಠ ಒಂದೇ ಆಗಿರಲಿಲ್ಲ.

ಯಾರ ಕಿಸೆ?

ಟ್ರಾಯ್ ಅಂಕಿ ಅಂಶದ ಪ್ರಕಾರ 2023ರ ಡಿಸೆಂಬರ್ ಕೊನೆಗೆ ದೇಶದಲ್ಲಿ ಸುಮಾರು 93.6 ಕೋಟಿ ಇಂಟರ್‌ನೆಟ್ ಚಂದಾದಾರರಿದ್ದರು. ಅವರಲ್ಲಿ ತಂತಿಯ ಮೂಲಕ ಸಂಪರ್ಕ ಪಡೆದವರು 4 ಕೋಟಿಗೂ ಕಡಿಮೆ. ತಂತಿಯ ಒಂದು ಸಂಪರ್ಕವನ್ನು ಮನೆಮಂದಿಯೆಲ್ಲ ಬಳಸುತ್ತಾರೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡರೂ ಚಿತ್ರ ಸ್ಪಷ್ಟ. ಭಾರತದ ಇಂಟರ್‌ನೆಟ್ ಎಂದರೆ ಮೊಬೈಲ್ ಇಂಟರ್‌ನೆಟ್.

ಹಾಗಾದರೆ ಆ ಮೊಬೈಲ್ ಯಾರ ಕೈಯಲ್ಲಿದೆ? 2019-21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ತಾವೇ ಬಳಸುವ ಮೊಬೈಲ್ ತಮ್ಮ ಬಳಿ ಇದೆ ಎಂದ ಮಹಿಳೆಯರು ನೂರಕ್ಕೆ 54. ಒಮ್ಮೆಯಾದರೂ ಇಂಟರ್‌ನೆಟ್ ಬಳಸಿದ್ದೇವೆ ಎಂದ ಮಹಿಳೆಯರು ನೂರಕ್ಕೆ 33, ಪುರುಷರು 57. ಗ್ರಾಮೀಣ ಮಕ್ಕಳ ಕುರಿತ 2021ರ ‘ಅಸರ್’ ವರದಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ನೋಡಿತು. ಶಾಲೆಗೆ ದಾಖಲಾದ ಮಕ್ಕಳಲ್ಲಿ ಮೂರನೇ ಎರಡರಷ್ಟು ಮಂದಿಯ ಮನೆಯಲ್ಲಿ ಸ್ಮಾರ್ಟ್‌ಫೋನ್ ಇತ್ತು. ಆದರೆ ಹಾಗೆ ಫೋನ್ ಇದ್ದ ಮನೆಗಳ ಮಕ್ಕಳಲ್ಲೂ ಕಾಲು ಭಾಗಕ್ಕಿಂತ ಹೆಚ್ಚಿನವರಿಗೆ ಅದು ಬಳಸಲು ಸಿಗುತ್ತಿರಲಿಲ್ಲ.

ಕಸೂತಿ ಬಟ್ಟೆ ಹೊದ್ದು ನಡುಮನೆಯಲ್ಲಿ ಕುಳಿತಿದ್ದ ಹಳೆಯ ಫೋನಿನಲ್ಲಿ ನೂರು ಕೊರತೆಗಳಿದ್ದವು. ಆದರೆ ಅದು ಮನೆಯದಾಗಿತ್ತು. ಅಪ್ಪ ಕೆಲಸಕ್ಕೆ ಹೋದರೂ ಅದು ಹೋಗುತ್ತಿರಲಿಲ್ಲ. ಹಾಟ್‌ಸ್ಪಾಟ್ ಹಾಗಲ್ಲ. ಅಪ್ಪ ಬೆಳಿಗ್ಗೆ ಬೈಕ್ ಹತ್ತಿದರೆ ಮನೆಯ ಇಂಟರ್‌ನೆಟ್ಟೂ ಅವನ ಜೊತೆ ಹೊರಟುಹೋಗುತ್ತದೆ. ಮನೆಯಲ್ಲಿ ಉಳಿದ ಅಮ್ಮ, ಅಜ್ಜಿ, ರಜೆಯಲ್ಲಿರುವ ಮಗಳು ಸಂಜೆಯವರೆಗೆ ಕಾಯಬೇಕು. ಅವನು ಬಂದ ಮೇಲೂ ‘ಸ್ವಲ್ಪ ಆನ್ ಮಾಡಪ್ಪಾ’ ಎಂದು ಕೇಳಬೇಕು. ಕೇಳಿ ಪಡೆಯುವುದಕ್ಕೂ ತಾನೇ ತೆಗೆದುಕೊಳ್ಳುವುದಕ್ಕೂ ಇರುವ ವ್ಯತ್ಯಾಸ ಮನೆಯ ಹೆಣ್ಣುಮಕ್ಕಳಿಗೆ ಚೆನ್ನಾಗಿ ಗೊತ್ತು. 2019ರಲ್ಲಿ ಕೇರಳ ಹೈಕೋರ್ಟು ಇಂಟರ್‌ನೆಟ್ ಬಳಕೆಯನ್ನು ಶಿಕ್ಷಣದ ಹಕ್ಕಿನ ಭಾಗ ಎಂದು ಹೇಳಿದ್ದು, ಹಾಸ್ಟೆಲಿನಲ್ಲಿ ಮೊಬೈಲ್ ನಿರ್ಬಂಧಿಸಿದ್ದನ್ನು ಪ್ರಶ್ನಿಸಿದ ವಿದ್ಯಾರ್ಥಿನಿಯೊಬ್ಬಳ ಅರ್ಜಿಯ ಮೇಲೆ ಎಂಬುದನ್ನು ಇಲ್ಲಿ ನೆನೆಯಬೇಕು.

ಹಾಟ್‌ಸ್ಪಾಟ್ ಬೇಡ ಎನ್ನುವ ಮಾತಲ್ಲ ಇದು. ತಂತಿ ಬಾರದ ಲಕ್ಷಾಂತರ ಮನೆಗಳಿಗೆ ಜಗತ್ತನ್ನು ತಂದುಕೊಟ್ಟದ್ದು ಅದೇ. ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಎಳೆಯುವ ಯೋಜನೆಗೆ ಕೇಂದ್ರ ಸಂಪುಟ 2011ರಲ್ಲೇ ಒಪ್ಪಿಗೆ ಕೊಟ್ಟಿತು. ಭಾರತ್‌ನೆಟ್ ಎಂಬ ಹೆಸರಿನ ಆ ಕೆಲಸ ಪಂಚಾಯಿತಿ ಕಚೇರಿಯ ಬಾಗಿಲು ದಾಟಿ ಮನೆಮನೆಗೆ ಬರುವವರೆಗೆ ಜನ ತಮ್ಮ ದಾರಿ ತಾವು ನೋಡಿಕೊಂಡಿದ್ದಾರೆ. ಆದರೆ ‘ಎಲ್ಲರ ಮನೆಗೂ ಇಂಟರ್‌ನೆಟ್ ತಲುಪಿದೆ’ ಎಂಬ ಹೇಳಿಕೆಯನ್ನು ಓದುವಾಗ ಒಂದು ಪ್ರಶ್ನೆ ಕೇಳಿಕೊಳ್ಳುವುದು ಒಳ್ಳೆಯದು. ಅದು ತಲುಪಿರುವುದು ಮನೆಗೋ, ಅಥವಾ ಬೆಳಿಗ್ಗೆ ಒಂಬತ್ತಕ್ಕೆ ಮನೆ ಬಿಟ್ಟು ಹೋಗುವ ಒಬ್ಬರ ಕಿಸೆಗೋ?